ಸುಕ್ಕುಹವಳದ ಬಾಗಿಲು

ಜಗತ್ತಿನಲ್ಲಿ ಒಂದೇ ಒಂದು ಇರುವ ವಸ್ತುವನ್ನು ಕೈಗಿತ್ತು, ಇದನ್ನು ಪೂರ್ತಿ ಅರೆದು ಪುಡಿ ಮಾಡಿಕೊಡಿ ಎಂದರೆ ನೀವಾದರೆ ಏನೆನ್ನುತ್ತಿದ್ದಿರೋ ನಾ ಕಾಣೆ. ಭೀಮಶಾ ಮಾತ್ರ ಕನ್ನಡಕ ಒರೆಸಿಕೊಂಡು, "ಎಷ್ಟ್ ದಿನ ಕೊಡ್ತೀರಿ ಮೇಡಂ?" ಎಂದು ಕೇಳಿದ್ದ.

ಅದು ಮೇಕೆಮರಿಯ ಕೊಂಬಿನ ಹಾಗಿದ್ದ, ನಡುಬೆರಳುದ್ದದ ಒಂದು ಕಲ್ಲು. ಡಾ. ಸುಲಭಾ ಗಾಂವಕರ್ ಕಾಲೇಜಿನಲ್ಲಿ ಓದುವಾಗ ಹಿಮಾಲಯದ ಯಾವುದೋ ಎತ್ತರದ ಕಣಿವೆಯಲ್ಲಿ ಹೆಕ್ಕಿ, ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ತಂದಿದ್ದು. ಮೂವತ್ತೆಂಟು ಕೋಟಿ ವರ್ಷಗಳ ಹಿಂದೆ, ಹಿಮಾಲಯವೇ ಹುಟ್ಟಿರದ ಕಾಲದಲ್ಲಿ, ಅಲ್ಲಿದ್ದ ಕಡಲಿನ ಕೆಸರಲ್ಲಿ ಬಾಳಿ ಹೋದ ಹವಳ ಅದು. ಮೈಮೇಲೆಲ್ಲ ಅಡ್ಡಡ್ಡ ಸುಕ್ಕು, ದಿನಕ್ಕೊಂದರಂತೆ. ಅದಕ್ಕೇ ಆ ಇಡೀ ಕುಲಕ್ಕೆ ಸುಕ್ಕುಹವಳ ಎಂದು ಹೆಸರು. ಇವತ್ತಿನ ಕಡಲುಗಳಲ್ಲಿ ಆ ಕುಲದ ಒಂದು ಪಿಳ್ಳೆಯೂ ಉಳಿದಿಲ್ಲ.

ಅಂಥದ್ದನ್ನು ಅರೆಯುವುದು ಯಾಕೆ ಅಂತೀರಾ? ಹವಳದ ಜಾತಿ ಗೊತ್ತಾಗುವುದು ಅದರ ಹೊಟ್ಟೆಯೊಳಗಿನ ಗೋಡೆಗಳಿಂದ. ಒಳಗೆ ತುಂಬಿಕೊಂಡ ಕಲ್ಲೂ ಸುಣ್ಣ, ಹವಳದ ಗೋಡೆಯೂ ಸುಣ್ಣ. ಎಕ್ಸ್‌-ರೇ ಹಾಯಿಸಿದರೆ ಎರಡೂ ಒಂದೇ ಬಿಳುಪು. ಹಾಗಾಗಿ ಎರಡು ಕೂದಲಿನಷ್ಟು ದಪ್ಪ ಅರೆಯಬೇಕು, ಕನ್ನಡಿಯಷ್ಟು ಹೊಳಪು ಕೊಡಬೇಕು, ಚಿತ್ರ ತೆಗೆಯಬೇಕು, ಮತ್ತೆ ಅರೆಯಬೇಕು. ಪರೀಕ್ಷೆಗೆಂದು ಮೊದಲು ಯಂತ್ರಕ್ಕೆ ಕೊಟ್ಟ ಬೇರೆ ಜಾತಿಯ ನಾಲ್ಕು ಒಡಕು ಕೊಂಬುಗಳು ಚೂರುಚೂರಾದವು. ಆಮೇಲೆ ಸುಲಭಾ ಶಹಾಬಾದಿಗೆ ಹೋಗಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವವರ ಓಣಿಯಲ್ಲಿ ಮನೆಮನೆ ಹೊಕ್ಕು ವಿಚಾರಿಸಿದರು. "ಕಲ್ಲಿನಾಗ ಮುಖ ಕಾಣಬೇಕೇನ್ರಿ? ಭೀಮಶಾನ ಮನಿಗೆ ಹೋಗ್ರಿ" ಎಂದು ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೇಳಿದರು. ಹಾಗೆ ಭೀಮಶಾ, ಹೆಂಡತಿ ಜಗದೇವಿ ಇಬ್ಬರೂ ಒಂದು ಮೂಟೆ ಬಿಳಿಜೋಳದ ಸಮೇತ ಬಿಸಿಲು ನಾಡಿನಿಂದ ಕಡಲ ದಂಡೆಯ ಕೋಡಿಬೇಣಕ್ಕೆ ಬಂದಿಳಿದರು.

ಕೋಡಿಬೇಣ ಎಂದರೆ ಹೊಳೆ ಕಡಲಿಗೆ ಸೇರುವಲ್ಲಿ ಅರವತ್ತು ಮೀನುಗಾರರ ಮನೆ. ಕಡಲು ಏರುತ್ತಲೇ ಇತ್ತು. ಸರ್ಕಾರ ಕಟ್ಟಿದ ಕಲ್ಲಿನ ತಡೆಗೋಡೆಗಳು ಒಂದಾದ ಮೇಲೊಂದು ಮೂರೂ ನೀರುಪಾಲಾಗಿದ್ದವು. ಅಲ್ಲಿನ ಹಳೇ ಐಸ್ ಫ್ಯಾಕ್ಟರಿಯಲ್ಲಿ ಸುಲಭಾ ಪ್ರಯೋಗಾಲಯ ಹೂಡಿ ಒಂದು ಹುಚ್ಚು ಪ್ರಶ್ನೆ ಹಿಡಿದು ಕೂತಿದ್ದರು: ಕಡಲಹೂವಿಗೆ, ಅಂದರೆ ಬಂಡೆಗೆ ಅಂಟಿಕೊಂಡು ಬದುಕುವ ಆ ಮೆತ್ತನೆ ಜೀವಿಗೆ, ಎಂದೋ ಸತ್ತ ಹವಳದ ಮನೆ ಕಟ್ಟುವ ವಿದ್ಯೆ ಕಲಿಸಿದರೆ?

ಕಡಲಹೂವು ಹವಳದ ದಾಯಾದಿ. ಮನೆಯೊಂದು ಇಲ್ಲ, ಅಷ್ಟೆ. ಈಗಿನ ಹವಳಗಳ ಸುಣ್ಣ ಹುಳಿಯಾಗುತ್ತಿರುವ ಕಡಲಲ್ಲಿ ಕರಗುತ್ತದೆ, ಮೇಲಾಗಿ ಅವುಗಳಿಗೆ ಬುಡಕ್ಕೆ ಗಟ್ಟಿ ಬಂಡೆಯೇ ಬೇಕು. ಸುಕ್ಕುಹವಳದ್ದು ಬೇರೆ ಬಗೆಯ, ಗಡುಸಾದ ಸುಣ್ಣ. ಕೆಸರಲ್ಲೂ ಬೇರೂರಿದ ಛಲದ ಜೀವ ಅದು. ಅದರ ಕಟ್ಟಡದ ನಿಯಮ ಓದಿ ಕಡಲಹೂವಿನ ಜೀವಕೋಶಕ್ಕೆ ಬರೆದರೆ ಅಂಥ ಲಕ್ಷಾಂತರ ಕೊಂಬುಗಳು ಒಂದರ ಮೇಲೊಂದು ಬೆಳೆದು ಅಲೆ ತಡೆಯುವ ಜೀವಂತ ಗೋಡೆಯಾಗುತ್ತವೆ. ಈ ಹೊಸ ಜೀವಿಗಳನ್ನು ಪ್ರಯೋಗಾಲಯದಲ್ಲಿ ಎಲ್ಲರೂ ಮೇಸ್ತ್ರಿಗಳು ಎಂದೇ ಕರೆಯುತ್ತಿದ್ದರು.

ಭೀಮಶಾ ಮೂರು ತಿಂಗಳು ಅರೆದ. ನಾನೂರ ಹನ್ನೆರಡು ಪದರ, ನಾನೂರ ಹನ್ನೆರಡು ಚಿತ್ರ. ಚೂಪು ತುದಿಯಿಂದ ಬಾಯಿಯವರೆಗೆ, ಹವಳದ ಬಾಲ್ಯದಿಂದ ಸಾವಿನವರೆಗೆ. ಮೊದಲು ಒಂದೇ ಅಡ್ಡಗೋಡೆ. ಅದು ಸೀಳಿ ಎರಡು. ಅಕ್ಕಪಕ್ಕ ಇನ್ನೂ ನಾಲ್ಕು ಮೂಡಿ ಆರು. ಆರಕ್ಕೆ ಆರು ಕೋಣೆ. ಈಗಿನ ಹವಳವಾದರೆ ಮುಂದಿನ ಗೋಡೆಗಳನ್ನು ಆರೂ ಕೋಣೆಗಳಲ್ಲಿ ಎಬ್ಬಿಸುತ್ತದೆ. ಇದು ಹಾಗಲ್ಲ, ನಾಲ್ಕೇ ಕೋಣೆಗಳಲ್ಲಿ ಹೊಸ ಗೋಡೆ, ಉಳಿದ ಎರಡಕ್ಕೆ ಎಂದೂ ಕೈ ಹಾಕುವುದಿಲ್ಲ. ಸುಕ್ಕುಹವಳ ಎಂದು ಗುರುತು ಹಿಡಿಯುವುದೇ ಈ ನಾಲ್ಕರ ಲೆಕ್ಕದಿಂದ. ಬೆಳೆದಂತೆಲ್ಲ ಜೀವಿ ತನ್ನ ಕೆಳಗೊಂದು ನೆಲ ಹಾಸಿಕೊಂಡು ಮೇಲಕ್ಕೆ ಸರಿಯುತ್ತದೆ. ಮಹಡಿ ಮೇಲೆ ಮಹಡಿ, ವಾಸ ಮಾತ್ರ ಮೇಲಿನದರಲ್ಲೇ.

"ಎಂಥಾ ಕೆಲಸಗಾರ ರೀ ಇದು!" ಎಂದು ಭೀಮಶಾ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. "ತಲಿ ಇಲ್ಲ, ಕಣ್ಣಿಲ್ಲ, ಒಂದು ಗೋಡಿ ಸೊಟ್ಟ ಬಿದ್ದಿಲ್ಲ ನೋಡ್ರಿ. ನಾ ಮೂವತ್ತು ವರ್ಷ ಫರಸಿ ಹಾಸೀನಿ, ಇಷ್ಟು ಸಾಪ ನನ್ನ ಕೈಲೆ ಆಗಿಲ್ಲ."

ಕೆಲಸ ಮುಗಿದಾಗ ಕಲ್ಲು ಇರಲಿಲ್ಲ. ಒಂದು ಸೀಸೆಯಲ್ಲಿ ಬೂದುಬಣ್ಣದ ಪುಡಿ ಇತ್ತು. ಯಾವ ಹಳೆಯ ಹೆಸರಿಗೂ ಹೊಂದದ ಹೊಸ ಗಣ ಇದು ಎಂದು ಸುಲಭಾ ಪ್ರಬಂಧ ಬರೆದರು. ಹೊಸ ಗಣಕ್ಕೆ ಯಾವ ಪ್ರೊಫೆಸರರ ಹೆಸರನ್ನೂ ಇಡಲಿಲ್ಲ. ಅರೆದವನ ಹೆಸರಿಟ್ಟರು. ಭೀಮಶಾಫಿಲಂ!

"ಇದೇನ್ ರೀ, ಸಿನಿಮಾ ಕಂಪನಿ ಹೆಸರಿದ್ದಂಗ ಅದ" ಎಂದು ಜಗದೇವಿ ಬಿದ್ದು ಬಿದ್ದು ನಕ್ಕಳು. ಫಿಲಂ ಎಂದರೆ ಎಲೆ, ಹವಳಗಳ ಹೆಸರಿಗೆ ಹಚ್ಚುವ ಬಾಲ ಎಂದು ಭೀಮಶಾ ಗಂಭೀರವಾಗಿ ತಿಳಿಸಿ ಹೇಳಿದ. ನಕ್ಕವಳೇ ಮರುದಿನ ಪ್ರಬಂಧದ ಮೊದಲ ಪುಟಕ್ಕೆ ಕಟ್ಟು ಹಾಕಿಸಿ, ಗೋಡೆಗೆ ತೂಗಿ, ಕುಂಕುಮ ಹಚ್ಚಿದಳು. ಅವರು ಬಾಡಿಗೆಗಿದ್ದ ಮನೆಯ ಒಡತಿ ಸೋಮಕ್ಕ ಹರಿಕಂತ್ರ, ಕೇರಿಯವರನ್ನೆಲ್ಲ ಕರೆತಂದು ತೋರಿಸಿದಳು.

ಆದರೆ ಆ ಪ್ರಬಂಧದಲ್ಲಿ ಇನ್ನೊಂದು ಸಾಲಿತ್ತು. ಸುಲಭಾ ಎಲ್ಲವನ್ನೂ ಕನ್ನಡದಲ್ಲಿ ಓದಿ ಹೇಳುವಾಗ ಅದನ್ನೂ ಮುಚ್ಚಿಡಲಿಲ್ಲ. "ಸರಿಸುಮಾರು ಮೂವತ್ತೇಳು ಪದರಗಳಿಗೊಮ್ಮೆ, ಒಟ್ಟು ಹನ್ನೊಂದು ಕಡೆ, ಹೊಳಪು ಮಂಕಾಗಿದೆ. ಅರೆಯುವವರ ಕೈ ದಣಿದು ಆದ ದೋಷವಿದು." ಮೂವತ್ತೇಳು ಪದರವೆಂದರೆ ಎಂಟು ದಿನದ ಕೆಲಸ, ಎಂಟು ದಿನಕ್ಕೊಮ್ಮೆ ಎಂಥವರ ಕೈಯೂ ಸೋಲುತ್ತದೆ ಭೀಮಶಣ್ಣ, ಅದರಲ್ಲಿ ತಪ್ಪೇನಿಲ್ಲ ಎಂದು ಸಮಾಧಾನವನ್ನೂ ಹೇಳಿದರು. ಭೀಮಶಾ ಹೂಂಗುಟ್ಟಿದ. ಕೈದೋಷ! ಮೂವತ್ತು ವರ್ಷದಲ್ಲಿ ಒಬ್ಬರೂ ಆಡದ ಮಾತು. ಪರೀಕ್ಷಿಸೋಣವೆಂದರೆ ಅರೆದ ಕಲ್ಲು ವಾಪಸು ಬರುತ್ತದೆಯೇ? ಅಂದಿನಿಂದ ಅವನು ಬೆಳಿಗ್ಗೆ ಚಹಾ ಬಂದೊಡನೆ ಕುಡಿಯುತ್ತಿರಲಿಲ್ಲ. ತುಂಬಿದ ಬಸಿತಟ್ಟೆಯನ್ನು ಕೈಯಲ್ಲಿ ಹಿಡಿದು ಚಹಾ ಅಲುಗುತ್ತದೆಯೋ ಎಂದು ನೋಡುತ್ತ ಕೂರುತ್ತಿದ್ದ.

"ಚಹಾ ಆರ್ತದ, ಏನ್ ಅದರಾಗ ಮಾರಿ ನೋಡ್ಕೋತೀರೇನು?" ಎಂದು ಜಗದೇವಿ ಗದರುತ್ತಿದ್ದಳು. ಕಾರಣ ಅವಳಿಗೂ ಹೇಳಿರಲಿಲ್ಲ.

ಮೇಸ್ತ್ರಿಗಳು ನಾಲ್ಕರ ಲೆಕ್ಕ ತಪ್ಪದೆ ಕೊಂಬು ಕಟ್ಟಿದರು. ಬೇಸಿಗೆ ಮುಗಿಯುವಷ್ಟರಲ್ಲಿ ಹೊಳೆಬಾಯಿಯ ಕೆಸರಲ್ಲಿ ಮೊಣಕಾಲೆತ್ತರದ ಗೋಡೆ ಎದ್ದಿತು. ಮಳೆ ಬಂತು. ಹೊಳೆ ಕೆಂಪು ನೀರು ತಂದು ಕಡಲಿಗೆ ಸುರಿಯಿತು. ಉಪ್ಪು ಕಡಿಮೆಯಾಗಿ, ಮಣ್ಣು ಬಾಯಿಗೆ ತುಂಬಿ, ಒಂದು ವಾರದಲ್ಲಿ ಎಲ್ಲ ಸತ್ತವು. ಎರಡನೆಯ ವರ್ಷವೂ ಅದೇ ಗತಿ. ಜೀವವಿಲ್ಲದ ಗೋಡೆ ಅಲೆಗೆ ಕಳಚಿ ಬಿತ್ತು. ಇನ್ನೊಂದು ಮಳೆಗಾಲ ಕಾಯುತ್ತೇವೆ, ಆಗಲೂ ಹೀಗಾದರೆ ಅರವತ್ತೂ ಮನೆಗಳನ್ನು ಹತ್ತು ಮೈಲಿ ಒಳಗೆ ಸ್ಥಳಾಂತರಿಸುತ್ತೇವೆ ಎಂದು ಇಲಾಖೆಯ ಅಧಿಕಾರಿ ಸಭೆ ಕರೆದು ಹೇಳಿದರು.

"ಗುಡ್ಡದ ಮೇಲೆ ಕೂರ್ಸಿದ್ರೆ ನಾವು ಮೀನು ಹಿಡಿಯೂದು ಎಲ್ಲಿ ಮಾರಾಯ್ರೆ, ಬಾವೀಲಾ?" ಎಂದು ಸೋಮಕ್ಕ ಸಭೆಯಲ್ಲೇ ಕೇಳಿದಳು. ಎಲ್ಲರೂ ನಕ್ಕರು. ಮನೆಗೆ ಬಂದು ಹಿತ್ತಲಲ್ಲಿ ಕೂತು ಅತ್ತಳು.

ಭೀಮಶಾನಿಗೆ ಅದನ್ನು ನೋಡಲಾಗಲಿಲ್ಲ. ಸತ್ತ ಕೊಂಬುಗಳ ಒಂದು ಬುಟ್ಟಿ ತಂದು ಪ್ರಯೋಗಾಲಯದಲ್ಲಿ ಒಂದೊಂದನ್ನೇ ಸವರುತ್ತ ಕೂತ. ಎಲ್ಲ ಕೊಂಬುಗಳ ಬಟ್ಟಲಿನಂಥ ಬಾಯಿಯ ಅಂಚಿನಲ್ಲೂ ಒಂದೇ ಜಾಗದಲ್ಲಿ ಎರಡು ಪುಟ್ಟ ಗುಳಿಗಳಿದ್ದವು. ಮೂಲದ ಕಲ್ಲಿನಲ್ಲೂ ಇದ್ದವು; ಉಪಯೋಗ ತಿಳಿಯದು ಎಂದು ಪ್ರಬಂಧದಲ್ಲಿ ಬರೆದಿತ್ತು. ಅವನ ಹೆಬ್ಬೆರಳಿಗೆ ಮಾತ್ರ ಅವು ಪರಿಚಿತ ಅನ್ನಿಸಿದವು. ಹಳೆಯ ಮನೆಗಳ ಹೊಸ್ತಿಲಿಗೆ ಕಲ್ಲು ಕೂಡಿಸುವಾಗ ಬಾಗಿಲು ತಿರುಗುವ ಗೂಟಕ್ಕೆಂದು ಅವನೇ ಕೊರೆಯುತ್ತಿದ್ದ ಕುಳಿಗಳ ಹಾಗೇ ಇದ್ದವು. ಕುಳಿ ಇದೆ ಎಂದರೆ ಬಾಗಿಲು ಇರಬೇಕು. ಬಾಗಿಲು ಎಲ್ಲಿ?

ಬುಟ್ಟಿ ಅಲ್ಲೇ ಬಿಟ್ಟು ಎದ್ದ. ಅರೆಯಲು ಶುರುಮಾಡಿದ ಆ ಮೊದಲ ಮುಂಜಾನೆ ನೆನಪಾಗಿತ್ತು. ಕೊಂಬನ್ನು ಬಾಯಿ ಕೆಳಗೆ ಮಾಡಿ ಕೂಡಿಸಬೇಕಿತ್ತು. ಬಾಯಿಯ ಮೇಲೆ ಹಕ್ಕಳೆಯಂಥ ಕಲ್ಲು ಅಂಟಿ ಅದು ಸಮ ಕೂಡಲಿಲ್ಲ. ಫರಸಿ ಹಾಸುವವರು ಏನು ಮಾಡುತ್ತಾರೋ ಅವನೂ ಅದನ್ನೇ ಮಾಡಿದ್ದ: ಸುತ್ತಿಗೆಯ ಮೂಲೆಯಿಂದ ಟಕ್ಕೆಂದು ಒಂದೇಟು. ಚಕ್ಕೆ ಹಾರಿತ್ತು. ಹೊಸ ಕೆಲಸದ ಮೊದಲ ಚಕ್ಕೆಯನ್ನು ಮನೆಗೆ ಒಯ್ದು ಜೋಳದ ಡಬ್ಬಿಗೆ ಹಾಕುವುದು ಅವನ ತಾತನ ಕಾಲದಿಂದ ಬಂದ ರೂಢಿ. ಡಬ್ಬಿ ಬರಿದಾಗುವುದಿಲ್ಲ ಎಂಬ ನಂಬಿಕೆ. ಅದನ್ನೂ ಮಾಡಿದ್ದ. ಮಾಡಿ ಮರೆತಿದ್ದ.

ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಜಗದೇವಿ ನುಸಿ ಹತ್ತಿದ ಜೋಳವನ್ನು ಅಂಗಳದಲ್ಲಿ ಹರವಿದ್ದಳು. ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ಡಬ್ಬಿಯಿಂದ ತೆಗೆದ ಚಕ್ಕೆಗಳು, ಮದುವೆಯಾದಾಗಿನಿಂದ ಕೂಡಿದವು. ಭೀಮಶಾ ತಟ್ಟೆಯ ಮುಂದೆ ಕುಕ್ಕರಿಸಿದ. ಎರಡು ವರ್ಷ ಜೋಳದೊಳಗೆ ಉರುಳಿ ಆ ಚಕ್ಕೆಯ ಮೇಲಿನ ಹಕ್ಕಳೆ ಉದುರಿತ್ತು. ಒಳಗಿನಿಂದ ಉಗುರಗಲದ ಅರ್ಧಚಂದ್ರ ಹೊರಬಿದ್ದಿತ್ತು. ನೇರ ಅಂಚಿನಲ್ಲಿ ಎರಡು ಪುಟ್ಟ ಗೂಟ.

"ಅಯ್ಯೋ ನನ್ನ ಕೈ ಮುರಿಲಿ!" ಎಂದ.

ಜಗದೇವಿ ಗಾಬರಿಯಾಗಿ ಮೊರ ಕೆಳಗಿಟ್ಟಳು. ಅವನು ಎಲ್ಲ ಹೇಳಿದ. ಈ ಜೀವಿಗೆ ಮುಚ್ಚಳವಿತ್ತು. ಕೆಂಪು ನೀರು ಬಂದಾಗ ಬಾಗಿಲು ಹಾಕಿಕೊಂಡು ಕೂರುತ್ತಿತ್ತು. ಆ ಬಾಗಿಲನ್ನು ಅವನೇ ಕಿತ್ತು ತಂದು ಜೋಳದಲ್ಲಿ ಹೂತಿದ್ದ. ಮೇಸ್ತ್ರಿಗಳು ಪಾಪ, ಬಾಗಿಲಿಲ್ಲದ ಮನೆ ಕಟ್ಟಿಕೊಂಡು ಸಾಯುತ್ತಿದ್ದರು. ಇಷ್ಟೇ ಅಲ್ಲ. ಮೇಡಂ ತೋರಿಸಿದ ಹಳೆಯ ಪುಸ್ತಕವೊಂದರಲ್ಲಿ ಇಂಥದೇ ಅರ್ಧಚಂದ್ರದ ಚಿತ್ರವಿತ್ತು. ನೂರ ನಲವತ್ತು ವರ್ಷದ ಹಿಂದೆ ಯಾರೋ ವಿದೇಶಿ ವಿದ್ವಾಂಸ ಅದೇ ಕಣಿವೆಯಲ್ಲಿ ಬಿಡಿ ಮುಚ್ಚಳ ಹೆಕ್ಕಿ, ಯಾವುದೋ ಚಿಪ್ಪುಪ್ರಾಣಿ ಎಂದು ಬಗೆದು, ಮೆನಿಸ್ಕೋಥೈರಿಸ್ ಎಂದು ಹೆಸರಿಟ್ಟಿದ್ದ. ಮುಚ್ಚಳವೂ ಕೊಂಬೂ ಒಂದೇ ಪ್ರಾಣಿಯದು ಎಂದಾದರೆ ಮೊದಲಿಟ್ಟ ಹೆಸರೇ ಉಳಿಯಬೇಕು. ಅದು ಶಾಸ್ತ್ರದ ಕಾಯಿದೆ.

"ಅಂದ್ರ ಹೇಳಿದ್ರ ನಿಮ್ಮ ಹೆಸರು ಹೋಗ್ತದ" ಎಂದಳು ಜಗದೇವಿ.

"ಹೋಗ್ತದ. ಕೆಲಸಾನೂ ಹೋಗಬೌದು. ಒಂದೇ ಇದ್ದ ಕಲ್ಲು ಒಡದೀನಿ."

"ಹೇಳಲಿಲ್ಲಂದ್ರ?"

"ಸೋಮಕ್ಕನ ಮನಿ ಹೋಗ್ತದ."

ಜಗದೇವಿ ಒಳಗೆ ಗೋಡೆಯ ಮೇಲಿದ್ದ ಕಟ್ಟಿನ ಕಡೆ ಒಂದು ಸಲ ನೋಡಿದಳು. ಕಣ್ಣು ತುಂಬಿದ್ದು ಸುಳ್ಳಲ್ಲ. ಸೆರಗಿನಿಂದ ಒರೆಸಿಕೊಂಡು, "ಮತ್ತ ಕುಂತು ಏನ್ ವಿಚಾರ ಮಾಡ್ತೀರಿ? ಚಪ್ಪಲಿ ಹಾಕ್ಕೊಳ್ರಿ" ಎಂದಳು.

ಸುಲಭಾ ಅರ್ಧಚಂದ್ರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ತಲೆಯೆತ್ತಲಿಲ್ಲ. ಎತ್ತಿದಾಗ ಮುಖ ಕೆಂಪಾಗಿತ್ತು.

"ಇದನ್ನ ಯಾವಾಗ ತೆಗೆದ್ರಿ?"

"ಅರಿಯಾಕ ಸುರು ಮಾಡೂ ಮುಂಜಾನಿ ರೀ. ಕಲ್ಲು ಕೂಡಲಿಲ್ಲ. ಹೊಡದೆ."

"ಎರಡು ಮಳೆಗಾಲ ಭೀಮಶಣ್ಣ! ಎರಡು ಮಳೆಗಾಲ ನಾನು ತಲೆ ಚಚ್ಚಿಕೊಂಡಿದ್ದೇನೆ. ಒಂದು ಮಾತು ಹೇಳಬಾರದಿತ್ತಾ?"

ಸುಲಭಾ ಎದ್ದು ಕಿಟಕಿಯವರೆಗೆ ಹೋದರು, ಬಂದರು, ಮತ್ತೆ ಹೋದರು. ಆಮೇಲೆ ಕುರ್ಚಿ ಎಳೆದು ಕೂತು ಒಂದು ಸತ್ತ ಬಟ್ಟಲಿನ ಗುಳಿಗಳ ಎದುರು ಅರ್ಧಚಂದ್ರದ ಗೂಟಗಳನ್ನು ಹಿಡಿದು ಅಳತೆ ನೋಡಿದರು. ಕೋಪ ಇಳಿಯುತ್ತಿದ್ದದ್ದು ಭೀಮಶಾನಿಗೆ ಕಂಡಿತು. ಆ ಕೆಲಸ ಅಷ್ಟು ಚೆಂದವಿತ್ತು, ಅದರ ಮುಂದೆ ಕೋಪ ಹಿಡಿದಿಟ್ಟುಕೊಳ್ಳುವುದು ಯಾರಿಗೂ ಸಾಧ್ಯವಿರಲಿಲ್ಲ.

"ಬಾಗಿಲ ಮಾಡ್ಕೊಂಡಿದೆ, ಕಳ್ಳಿ" ಎಂದರು ಮೆಲ್ಲಗೆ. ಆಮೇಲೆ, "ಹೆಸರಿನ ವಿಷಯ ನಾವು ಬರೆಯದೆ ಇದ್ರೂ ನಡೀತದೆ ಭೀಮಶಣ್ಣ. ಮುಚ್ಚಳದ ನಿಯಮ ಮೇಸ್ತ್ರಿಗಳಿಗೆ ಹೇಳಿಕೊಟ್ಟರೆ ಸಾಕು. ಯಾರೂ ಕೇಳೂದಿಲ್ಲ" ಎಂದರು.

"ಬರೀರಿ ಮೇಡಂ" ಎಂದ ಭೀಮಶಾ. "ನಾ ಒಡದದ್ದೂ ಬರೀರಿ."

ಬರೆದರು. ಭೀಮಶಾಫಿಲಂ ಎಂಬ ಗಣ ಅಳಿಯಿತು. ಕೊಂಬಿಗೆ ಮೆನಿಸ್ಕೋಥೈರಿಸ್ ಎಂಬ ಹಳೆಯ ಹೆಸರೇ ಉಳಿದು, ಅದು ಮುಚ್ಚಳವಿರುವ ಹವಳಗಳ ಮನೆತನಕ್ಕೆ ಸೇರಿತು. ಜಗದೇವಿ ಕಟ್ಟು ಕೆಳಗಿಳಿಸಲಿಲ್ಲ. ಅದು ನನ್ನ ಗೋಡೆ, ಶಾಸ್ತ್ರದವರದ್ದಲ್ಲ ಎಂದು ಸೋಮಕ್ಕನೆದುರು ಸಾರಿದಳು. ಸುಲಭಾ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಡಿಸೆಂಬರಿನಲ್ಲಿ ಹೊಸ ಮೇಸ್ತ್ರಿಗಳನ್ನು ಹೊಳೆಬಾಯಿಗೆ ಬಿತ್ತಿದರು. ಬೇಸಿಗೆಯಲ್ಲಿ ಪ್ರತಿ ಬಟ್ಟಲಿನ ಅಂಚಿನಲ್ಲೂ ಒಂದು ಅರ್ಧಚಂದ್ರ ಮೂಡಿತು. ಬೆರಳು ತಾಗಿಸಿದರೆ ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಕೇರಿಯ ಹೆಂಗಸರು ನೀರಿಳಿದಾಗ ಬಂದು ಒಂದೊಂದಾಗಿ ಮುಟ್ಟಿ ನೋಡಿ, "ನಾಚಿಕೆ ಕಾಣು ಇದಕ್ಕೆ" ಎಂದು ನಗುತ್ತಿದ್ದರು.

ಆಷಾಢದಲ್ಲಿ ಹೊಳೆ ಕೆಂಪಾಯಿತು. ನೀರೊಳಗಿನ ಕ್ಯಾಮೆರಾದಲ್ಲಿ ಸುಲಭಾ ಮತ್ತು ಭೀಮಶಾ ನೋಡುತ್ತಿದ್ದ ಹಾಗೆಯೇ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಲಕ್ಷಾಂತರ ಬಾಗಿಲುಗಳು ಮುಚ್ಚಿದವು. ಆಮೇಲೆ ಪರದೆಯ ಮೇಲೆ ಕೆಸರಲ್ಲದೆ ಬೇರೇನೂ ಕಾಣಲಿಲ್ಲ. ಒಂದು ದಿನ, ಮೂರು ದಿನ, ಏಳು ದಿನ. ಬಾಗಿಲ ಹಿಂದೆ ಜೀವವಿದೆಯೋ ಇಲ್ಲವೋ ಹೇಳುವವರಿಲ್ಲ. ಎಂಟನೆಯ ದಿನ ಸೋಮಕ್ಕ ಪಾತ್ರೆಪಗಡಗಳನ್ನು ಗೋಣಿಗೆ ತುಂಬಲು ಶುರುಮಾಡಿದಳು.

ಒಂಬತ್ತನೆಯ ದಿನ ಮಧ್ಯಾಹ್ನ ಅಧಿಕಾರಿ ಸ್ಥಳಾಂತರದ ಕಾಗದ ಹಿಡಿದು ಬಂದರು. ಮಳೆ ನಿಂತಿತ್ತು, ಕಡಲಿನ ಭರತ ಏರುತ್ತಿತ್ತು, ಉಪ್ಪುನೀರು ಮರಳುತ್ತಿತ್ತು. ಪರದೆಯ ಮೇಲೆ ಕೆಸರು ತಿಳಿಯಾಗುತ್ತ ಬಂತು. ಸಾಲುಸಾಲು ಮುಚ್ಚಿದ ಬಾಗಿಲು. ಅಧಿಕಾರಿ ಕೈಗಡಿಯಾರ ನೋಡಿಕೊಂಡರು.

"ಒಂದ್ ಚೂರು ತಡೀರಿ ಸಾಹೇಬ್ರ" ಎಂದ ಭೀಮಶಾ.

ಎಡಗಡೆಯ ಮೂಲೆಯಲ್ಲಿ ಒಂದು ಅರ್ಧಚಂದ್ರ ಕೂದಲೆಳೆಯಷ್ಟು ಮೇಲೆದ್ದಿತು. ಕೆಳಗಿನಿಂದ ತಿಳಿಹಳದಿ ಬೆರಳೊಂದು ಹೊರಗೆ ಇಣುಕಿ ನೀರಿನ ರುಚಿ ನೋಡಿತು. ಮತ್ತೊಂದು ಬೆರಳು. ಆಮೇಲೆ ಅದರ ಪಕ್ಕದ ಬಾಗಿಲು, ಅದರಾಚೆಯದು, ನೋಡನೋಡುತ್ತ ಇಡೀ ಗೋಡೆ. ಸೋಮಕ್ಕ ಕೂಗಿದ ಕೂಗಿಗೆ ಕೇರಿಯೇ ಓಡಿಬಂತು. ಅಧಿಕಾರಿ ಕಾಗದ ಮಡಚಿ ಜೇಬಿಗಿಟ್ಟು, ತಾವೂ ಒಂದು ಕುರ್ಚಿ ಎಳೆದುಕೊಂಡು ಕೂತರು.

ತಿಂಗಳ ನಂತರ ಸುಲಭಾ ಒಂದು ಕೊಂಬನ್ನು ತಂದು ಭೀಮಶಾನ ಮುಂದಿಟ್ಟರು. ಬೆಳವಣಿಗೆ ನೋಡಬೇಕಿತ್ತು. ಅವನು ಅರೆದ, ಹೊಳಪು ಕೊಟ್ಟ, ಮುಂದಿನ ಪದರಕ್ಕೆ ಹೋದ. ಎಲ್ಲ ಕನ್ನಡಿಯಂತೆ ಬರುತ್ತಿದ್ದುದು ಒಂದು ಕಡೆ ಏನು ಮಾಡಿದರೂ ಹೊಳಪು ಹಿಡಿಯಲಿಲ್ಲ. ಅವನ ಮುಖ ಬಾಡಿತು. "ಇಲ್ಲಿ ಮಂಕಾಗ್ಲಾಕತ್ತದ ರೀ ಮೇಡಂ" ಎಂದ ಸಣ್ಣ ದನಿಯಲ್ಲಿ.

ಸುಲಭಾ ಬಗ್ಗಿ ನೋಡಿದರು. ಬಾಗಿಲು ಮುಚ್ಚಿದ್ದ ಒಂಬತ್ತು ದಿನ ಆ ಜೀವಿ ಸುಣ್ಣ ಹಾಕಿರಲಿಲ್ಲ. ಸಂದಿಯಿಂದ ನುಸುಳಿದ ನವಿರು ಕೆಸರಿನ ಮೇಲೆ ಹೊಸ ನೆಲ ಹಾಸಿ ಮೇಲೆದ್ದಿತ್ತು. ಮಂಕಾಗಿದ್ದು ಆ ಕೆಸರು. ಅವರು ಥಟ್ಟನೆ ನೆಟ್ಟಗಾಗಿ ಹಳೆಯ ನಾನೂರ ಹನ್ನೆರಡು ಚಿತ್ರಗಳನ್ನು ತೆರೆದರು. ಅರೆಯುವ ಮೊದಲು ಕೊಂಬಿನ ಮೈಯಿಂದ ತೆಗೆದಿಟ್ಟ ಅಚ್ಚನ್ನು ಹೊರತಂದರು. ಒಂದು ಮಂಕಿನಿಂದ ಮುಂದಿನ ಮಂಕಿಗೆ ಎಷ್ಟು ಸುಕ್ಕು ಎಂದು ಎಣಿಸಿದರು. ನಾನೂರು. ಮತ್ತೊಂದು ಕಡೆ ಎಣಿಸಿದರು. ನಾನೂರಕ್ಕೆ ಒಂದೆರಡು ಹೆಚ್ಚುಕಡಿಮೆ.

"ಭೀಮಶಣ್ಣ, ಆ ಕಾಲದಲ್ಲಿ ಭೂಮಿ ಬೇಗ ಬೇಗ ಸುತ್ತುತ್ತಿತ್ತು. ದಿನಕ್ಕೆ ಇಪ್ಪತ್ತೆರಡೇ ಗಂಟೆ. ವರ್ಷಕ್ಕೆ ನಾನೂರು ದಿನ." ಅವರು ಅಚ್ಚಿನ ಮೇಲೆ ಬೆರಳಿಟ್ಟರು. "ವರ್ಷಕ್ಕೊಂದು ಮಂಕು. ಹನ್ನೊಂದು ಮಳೆಗಾಲ. ಹನ್ನೊಂದು ಸಲ ನೆರೆ ಬಂದಿದೆ, ಹನ್ನೊಂದು ಸಲ ಇದು ಬಾಗಿಲು ಹಾಕಿಕೊಂಡು ಕೂತು, ಮತ್ತೆ ತೆರೆದು, ಎದ್ದು ಮನೆ ಕಟ್ಟಿದೆ. ಅದು ಕೈದೋಷ ಅಲ್ಲ. ನಾನು ತಪ್ಪು ಬರೆದೆ. ನಿಮ್ಮ ಕೈ ಒಂದು ಸಲವೂ ಸೋತಿಲ್ಲ."

ಭೀಮಶಾ ಎದ್ದು ಕೈ ತೊಳೆದುಕೊಂಡು ಮನೆಗೆ ಬಂದ. ಹೆಸರು ಹೋದ ದಿನ ಅಳದವನು ಅಂಗಳದಲ್ಲಿ ಕೂತು ಅಳುತ್ತ ಹೆಂಡತಿಯೆದುರು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ: ಪ್ರಬಂಧದ ಸಾಲು, ಚುಚ್ಚಿದ ಆ ಮಾತು, ಬೆಳಗಿನ ಚಹಾ. ಜಗದೇವಿ ಬೈಯುತ್ತ, ಮೂಗೊರೆಸಿಕೊಳ್ಳುತ್ತ ಚಹಾ ಮಾಡಿ ತಂದು ಬಸಿಗೆ ಸುರಿದು ಕೊಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದ. ಚಹಾ ತುಳುಕಿ ಪಂಚೆಯ ಮೇಲೆಲ್ಲ ಚೆಲ್ಲಿತು. ಮೂರು ವರ್ಷದಲ್ಲಿ ಮೊದಲ ಸಲ ಅವನ ಕೈ ನಡುಗುತ್ತಿತ್ತು.